ಕ್ಯಾಂಪ್ ಗಾಡಿಯ ಬಾಯಾರಿಕೆ

ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಬೇಕಾದರೆ ನಮ್ಮ ಗಾಡಿಯ ಸ್ಟೇರಿಂಗ್ ಮುಟ್ಟಿ ಆಣೆ ಮಾಡುತ್ತೇನೆ. ಡ್ರೈವರ್ ಆದವನು ಸ್ಟೇರಿಂಗ್ ಮುಟ್ಟಿ ಸುಳ್ಳು ಆಣೆ ಮಾಡಿದರೆ ಮುಂದಿನ ತಿರುವಿನಲ್ಲೇ ಟೈರು ಪಂಕ್ಚರ್ ಆಗುತ್ತದೆ. ನನ್ನ ಗಾಡಿ ಪಂಕ್ಚರ್ ಆಗಿ ಎರಡು ವರ್ಷವಾಯಿತು. ಇದಕ್ಕಿಂತ ದೊಡ್ಡ ಸಾಕ್ಷಿ ಯಾವ ಕೋರ್ಟಿನಲ್ಲೂ ಸಿಗುವುದಿಲ್ಲ.

ನನ್ನದು ಆರೋಗ್ಯ ಕ್ಯಾಂಪಿನ ಗಾಡಿ ಓಡಿಸುವ ಕೆಲಸ. ದುರ್ಗದ ಒಂದು ಆಸ್ಪತ್ರೆ, ದೊಡ್ಡ ಊರಿನ ಇನ್ನೊಂದು ಆಸ್ಪತ್ರೆ, ಎರಡೂ ಸೇರಿಕೊಂಡು ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕಿನ ಹಳ್ಳಿಗಳಿಗೆ ಡಾಕ್ಟರುಗಳನ್ನು ಕಳಿಸುತ್ತವೆ. ಬಿ.ಪಿ., ಸಕ್ಕರೆ, ಕಣ್ಣು ನೋಡುತ್ತಾರೆ. ಆಪರೇಷನ್ ಬೇಕಾದವರನ್ನು ದುರ್ಗಕ್ಕೆ ಕರೆತರುತ್ತಾರೆ. ಕಣ್ಣು ನೋಡುವವರು ದೊಡ್ಡ ಊರಿನವರು, ತೆಂಗಿನ ಮರದಷ್ಟು ಎತ್ತರ, ಬಾಳ ಸಾಧು. ಸಕ್ಕರೆ ನೋಡುವವರು ದುರ್ಗದ ಡಾಕ್ಟರಮ್ಮ. ಗಿಡ್ಡಕ್ಕಿದ್ದಾರೆ, ಮಾತು ಕಮ್ಮಿ, ನೋಟ ಜಾಸ್ತಿ. ರಕ್ತ ತೆಗೆಯಲು ಒಬ್ಬ ಸಿಸ್ಟರ್. ಇನ್ನು ಮೈಕು ಹಿಡಿದು ಜನ ಕರೆಯುವವನು ನಾನು. ಜನರೇ ಬರದಿದ್ದರೆ ಡಾಕ್ಟರುಗಳು ಒಬ್ಬರ ಬಿ.ಪಿ. ಒಬ್ಬರು ನೋಡಿಕೊಂಡು ಮನೆಗೆ ಹೋಗಬೇಕಾಗುತ್ತದೆ. ಹಾಗಾಗಿ ನಾಲ್ಕು ತಾಲ್ಲೂಕಿನ ಆರೋಗ್ಯಕ್ಕೆ ಮೂಲ ಕಾರಣ ಯಾರು ಎಂಬುದನ್ನು ನನ್ನ ಬಾಯಲ್ಲೇ ಹೇಳಿಸಬೇಡಿ.

ಇಂಥ ಗಾಡಿ ಓಡಿಸುವವನಿಗೆ ಪ್ರಸಂಗಗಳು ತಪ್ಪುವುದಿಲ್ಲ. ನಾವು ಬೇಡವೆಂದರೂ ಅವೇ ಕೈ ಅಡ್ಡ ಹಿಡಿದು ಹತ್ತಿಕೊಳ್ಳುತ್ತವೆ.

ರೇಡಿಯೇಟರ್

ಮೂವತ್ತು ವರ್ಷ ಗಾಡಿ ಓಡಿಸಿದ್ದೇನೆ, ಒಂದು ದಿನವೂ ಮಾತ್ರೆ ನುಂಗಿದವನಲ್ಲ. ನನ್ನ ಮೈ ನೋಡಿ ಕೋಟೆಯ ಕಲ್ಲುಗಳು ನಾಚಿಕೊಳ್ಳುತ್ತವೆ. ಅಂಥವನಿಗೆ ಹೋದ ಬೇಸಿಗೆ ಕಳೆದ ಮೇಲೆ ಒಂದು ವಿಚಿತ್ರ ಬಾಯಾರಿಕೆ ಶುರುವಾಯಿತು. ಎಷ್ಟು ಕುಡಿದರೂ ಸಾಲದು. ಕುಡಿದದ್ದು ಒಳಗೆ ನಿಲ್ಲುವುದೂ ಇಲ್ಲ. ಹಿಂದೆ ದುರ್ಗದಿಂದ ಹಿರಿಯೂರಿಗೆ ಒಂದೇ ಉಸಿರಿನಲ್ಲಿ ಹೋಗುತ್ತಿದ್ದವನು, ಈಗ ಮೂರು ಕಡೆ ಇಳಿಯಬೇಕು. ಪ್ಯಾಂಟು ಬೆಲ್ಟಿನ ಮಾತು ಕೇಳುತ್ತಿರಲಿಲ್ಲ.

ಇದು ಏನಿರಬಹುದು ಎಂದು ಗೊತ್ತಾಗದಷ್ಟು ದಡ್ಡ ನಾನಲ್ಲ. ದಿನಾ ಮೈಕಿನಲ್ಲಿ ಕೂಗುವವನೇ ನಾನು: "ಬಾಯಿ ಒಣಗ್ತದಾ, ಪದೇ ಪದೇ ಮೂತ್ರಕ್ಕೆ ಹೋಗ್ತೀರಾ, ತೂಕ ಇಳಿದೈತಾ, ಬರ್ರಿ, ಸಕ್ಕರೆ ನೋಡಿಸ್ಕಳ್ರಿ." ಕೂಗಿ ಮುಗಿಸಿ ಒಂದು ಚೊಂಬು ನೀರು ಕುಡಿದು ಹಿಂದಿನ ಬೇಲಿಗೆ ಹೋಗುತ್ತಿದ್ದೆ. ಆದರೆ ನನಗೆ ಎರಡು ಹೆದರಿಕೆ. ಒಂದು, ಸಕ್ಕರೆ ಇದೆ ಎಂದಾದರೆ ಸ್ಟೇರಿಂಗ್ ಕಿತ್ತುಕೊಂಡು ಮನೆಗೆ ಕಳಿಸುತ್ತಾರೆ ಎಂದು. ಎರಡನೆಯದು ಸೂಜಿ. ಮೊದಲನೆಯದನ್ನು ಮೊದಲು ಬರೆದದ್ದು ಮರ್ಯಾದೆಗೆ.

ಗಾಡಿ ನಿಲ್ಲಿಸಲು ಒಂದು ಕಾರಣ ಬೇಕಲ್ಲ. ಡಾಕ್ಟರಮ್ಮ ಹಿಂದಿನ ಸೀಟಿನಲ್ಲಿ ಕೂತಿರುತ್ತಾರೆ, ಅವರೆದುರು ನಿಜ ಹೇಳಲಾಗುತ್ತದೆಯೇ. "ಎಂಜಿನ್ ಕಾದೈತೆ ಮೇಡಂ, ನೀರು ಹಾಕ್ಬೇಕು," ಎನ್ನುತ್ತಿದ್ದೆ. ಬಾನೆಟ್ ಎತ್ತಿದರೆ ಹಿಂದಿನವರಿಗೆ ನಾನು ಕಾಣುವುದಿಲ್ಲ. ಬಾಟಲಿಯ ನೀರೆಲ್ಲ ನನ್ನ ಬಾಯಿಗೆ. ಆಮೇಲೆ "ಹಿಂದಿನ ಟೈರ್ ಗಾಳಿ ನೋಡ್ಕಂಡು ಬರ್ತೀನಿ," ಎಂದು ಹುಣಸೆ ಮರದ ಹಿಂದಕ್ಕೆ. ಟೈರು ಯಾಕೆ ಮರದ ಹಿಂದಿದೆ ಎಂದು ಯಾರೂ ಕೇಳಲಿಲ್ಲ. ಓದಿದವರು ಇಂಥದ್ದನ್ನೆಲ್ಲ ಕೇಳುವುದಿಲ್ಲ.

"ಈ ಗಾಡಿ ತುಂಬಾ ನೀರು ಕುಡಿಯುತ್ತಲ್ಲ," ಎಂದರು ಕಣ್ಣಿನ ಡಾಕ್ಟರು ಒಂದು ದಿನ.

"ವಯಸ್ಸಾಯ್ತು ಸಾರ್ ಪಾಪ," ಎಂದೆ.

ಡಾಕ್ಟರಮ್ಮ ಕಿಟಕಿಯಿಂದ ಹೊರಗೆ ನೋಡಿದರು, ಆಮೇಲೆ ಖಾಲಿ ಬಾಟಲಿ ನೋಡಿದರು.

ಎರಡೂ ಆಸ್ಪತ್ರೆಯ ದೊಡ್ಡವರು ಸೇರಿ ಒಂದು ಮೀಟಿಂಗ್ ಮಾಡಿದರು. ಗ್ರಾಮೀಣ ಆರೋಗ್ಯಕ್ಕಾಗಿ ಎರಡು ಆಸ್ಪತ್ರೆಗಳು ಕೂಡಿ ಒಮ್ಮತದಿಂದ ತೆಗೆದುಕೊಂಡ ಮೊಟ್ಟಮೊದಲ ನಿರ್ಧಾರ ಯಾವುದು ಗೊತ್ತೇ? ಗಾಡಿಯ ರೇಡಿಯೇಟರ್ ಬದಲಾಯಿಸುವುದು.

ಫಳಫಳ ಹೊಳೆಯುವ ಹೊಸ ರೇಡಿಯೇಟರ್ ಬಂತು. ಮೊದಲ ದಿನವೇ ಹಿರಿಯೂರಿಗೆ ಹೋಗುವಷ್ಟರಲ್ಲಿ ಪಾಪ ಅದಕ್ಕೆ ನಾಲ್ಕು ಸಲ ಬಾಯಾರಿಕೆಯಾಯಿತು.

ಎರಡು ಟೇಬಲ್ಲು

ಶುರುವಿನಲ್ಲಿ ಎರಡು ಆಸ್ಪತ್ರೆಯವರೂ ಬೇರೆ ಬೇರೆ ಟೇಬಲ್ಲು ಹಾಕಿಕೊಳ್ಳುತ್ತಿದ್ದರು. ಹೊಸ ಸಂಬಂಧ, ಬೀಗರ ಮನೆಯ ಥರ, ನೀವು ಮೊದಲು ನೀವು ಮೊದಲು ಎನ್ನುವ ಕಾಲ. ಹಿರೇಗುಂಟನೂರಿನ ಕಡೆ ಒಂದು ಹಳ್ಳಿಯಲ್ಲಿ ಶಾಲೆಯ ಜಗಲಿಯ ಈ ತುದಿಗೊಂದು ಬಿ.ಪಿ. ಮಿಷನ್ನು, ಆ ತುದಿಗೊಂದು.

ಆ ಊರಿನವರು ಶೇಂಗಾ ಬೆಳೆಯುವವರು. ವರ್ಷಕ್ಕೊಂದು ಸಲ ದುರ್ಗದ ಮಾರ್ಕೆಟ್ಟಿಗೆ ಮೂಟೆ ತಂದು, ಒಂದು ಅಂಗಡಿಯಲ್ಲಿ ರೇಟು ಕೇಳಿ, ಇನ್ನೊಂದು ಅಂಗಡಿಯಲ್ಲಿ ಕೇಳಿ, ಮತ್ತೆ ಮೊದಲನೆಯದಕ್ಕೆ ಬಂದು ವ್ಯಾಪಾರ ಮುಗಿಸುವುದು ಅವರ ರೂಢಿ. ಅಂಥ ಒಬ್ಬ ಯಜಮಾನರು, ರುಮಾಲು ಸುತ್ತಿದವರು, ಮೊದಲು ಕಣ್ಣಿನ ಡಾಕ್ಟರ ಟೇಬಲ್ಲಿಗೆ ಹೋದರು. ನೂರ ಅರವತ್ತು ಬಂತು. ಯಜಮಾನರು ಎದ್ದು, ನಡೆದು, ಡಾಕ್ಟರಮ್ಮನ ಮುಂದೆ ಕೂತು ತೋಳು ಚಾಚಿದರು.

"ಆ ಕಡೆಯವ್ರು ನೂರ ಅರವತ್ತು ಹೇಳ್ತಾ ಅವ್ರೆ. ನೀವೆಷ್ಟಕ್ಕೆ ಮಾಡ್ತೀರಿ?"

ಡಾಕ್ಟರಮ್ಮ ನೋಡಿದರು. ಅಷ್ಟು ದೂರ ನಡೆದು ಬಂದಿದ್ದಕ್ಕೋ ಏನೋ, ನೂರ ಎಪ್ಪತ್ತು ಬಂತು. ಯಜಮಾನರ ಮುಖ ಬಿಗಿಯಿತು. ಎದ್ದು ವಾಪಸ್ ಮೊದಲ ಟೇಬಲ್ಲಿಗೆ.

"ಏನ್ರೀ ಸಾರ್, ಆಯಮ್ಮ ನೂರ ಎಪ್ಪತ್ತಕ್ಕೆ ಏರಿಸಿಬಿಟ್ರು. ನೀವು ಸ್ವಲ್ಪ ನೋಡಿ ಮಾಡ್ರಿ, ನಮ್ಮೂರಿಗೆ ಹೊಸಬ್ರು ಬಂದೀರಿ."

ಸಾಧು ಮನುಷ್ಯ ಕಣ್ಣಿನ ಡಾಕ್ಟರು ಇನ್ನೊಮ್ಮೆ ಪಟ್ಟಿ ಸುತ್ತಿದರು. ನೂರ ಅರವತ್ತೈದು. ಯಜಮಾನರಿಗೆ ರೇಗಿತು. ಪಟ್ಟಿ ತಾವೇ ಬಿಚ್ಚಿಕೊಂಡು, ಎರಡೂ ಡಾಕ್ಟರುಗಳಿಗೂ ಕೇಳಿಸುವ ಹಾಗೆ ಹೇಳಿದರು:

"ನೀವಿಬ್ರೂ ಒಂದ್ಕಡೆ ಕುಂತ್ಕಂಡು ಮಾತಾಡಿ ಒಂದು ರೇಟಿಗೆ ಬರ್ರಿ. ನಾನು ಅರಳಿಕಟ್ಟೆ ಮೇಲೆ ಇರ್ತೀನಿ. ಆದ್ರೆ ನೂರ ನಲವತ್ತರ ಮೇಲೆ ನಾನು ಒಪ್ಪಾಕಿಲ್ಲ."

ಅವತ್ತಿನಿಂದ ನಮ್ಮಲ್ಲಿ ಒಂದೇ ಟೇಬಲ್ಲು. ಆಸ್ಪತ್ರೆಗಳ ಸಹಕಾರ ಎಂದು ದೊಡ್ಡವರು ಬ್ಯಾನರಿನಲ್ಲಿ ಬರೆಸುತ್ತಾರಲ್ಲ, ಅದನ್ನು ಜಾರಿಗೆ ತಂದವರು ಈ ಯಜಮಾನರು. ಮಾತ್ರೆ ನುಂಗಿ ಮುಂದಿನ ತಿಂಗಳು ಬಂದಾಗ ನೂರ ಮೂವತ್ತೆಂಟು ಬಂತು. ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದರು, "ನೋಡಪ್ಪ, ಗಟ್ಟಿಯಾಗಿ ಕುಂತ್ರೆ ಇಳಿಸ್ತಾರೆ."

ಖಾಲಿ ಹೊಟ್ಟೆ

ಹೊಸದುರ್ಗದ ಕಡೆಯ ಒಂದು ಊರು. ಹಿಂದಿನ ದಿನವೇ ಹೋಗಿ ಬೀದಿ ಬೀದಿಯಲ್ಲಿ ಮೈಕಿನಲ್ಲಿ ಸಾರಿದ್ದೆ: "ನಾಳೆ ಬೆಳಗ್ಗೆ ಸಕ್ಕರೆ ಪರೀಕ್ಷೆ. ಎಲ್ರೂ ಖಾಲಿ ಹೊಟ್ಟೇಲಿ ಬರ್ರಿ. ನೀರು ಬಿಟ್ಟು ಏನೂ ಮುಟ್ಟಬ್ಯಾಡ್ರಿ." ನನ್ನ ದನಿಯ ಪ್ರಭಾವ ಎಷ್ಟೆಂದರೆ ಆ ರಾತ್ರಿ ಊಟ ಬಿಟ್ಟವರೂ ಇದ್ದರಂತೆ.

ಬೆಳಗ್ಗೆ ಎಂಟಕ್ಕೆ ಹೋದರೆ ಊರಿನ ದೊಡ್ಡಮ್ಮ ಒಬ್ಬರ ಮನೆಯ ಜಗಲಿ ತುಂಬ ಜನ. ಸಾಲಾಗಿ, ಶಿಸ್ತಾಗಿ ಕೂತಿದ್ದಾರೆ. ಡಾಕ್ಟರಮ್ಮ ಅಪರೂಪಕ್ಕೆ ನಕ್ಕರು. ಸಿಸ್ಟರ್ ಒಬ್ಬೊಬ್ಬರದೇ ಬೆರಳು ಚುಚ್ಚಿ ಮಿಷನ್ನಿಗೆ ಹಾಕಿದರು. ಮೊದಲನೆಯವರದು ಜಾಸ್ತಿ. ಎರಡನೆಯವರದು ಜಾಸ್ತಿ. ಆರನೆಯವರ ಹೊತ್ತಿಗೆ ಡಾಕ್ಟರಮ್ಮನ ನಗು ಹೋಯಿತು. ಮಿಷನ್ನು ಕೆಟ್ಟಿದೆ ಎಂದು ಇನ್ನೊಂದು ಮಿಷನ್ನು ತೆಗೆದರು. ಅದೂ ಅಷ್ಟೇ ಹೇಳಿತು. ಇಡೀ ಊರಿಗೆ ಊರೇ ಸಕ್ಕರೆ ಕಾಯಿಲೆಯೇ ಎಂದು ಇಬ್ಬರೂ ಡಾಕ್ಟರುಗಳು ಗಾಬರಿಯಿಂದ ಮುಖ ನೋಡಿಕೊಳ್ಳುವ ಹೊತ್ತಿಗೆ ದೊಡ್ಡಮ್ಮ ಒಳಗಿನಿಂದ ಒಂದು ದೊಡ್ಡ ತಟ್ಟೆ ಹಿಡಿದು ಬಂದರು. ತಟ್ಟೆಯ ತುಂಬ ಕೇಸರಿಬಾತು.

"ಏನಮ್ಮ ಇದು?" ಎಂದರು ಡಾಕ್ಟರಮ್ಮ.

"ಎರಡ್ನೇ ಸಲದ್ದು. ಮೊದಲ್ನೇದು ಖಾಲಿಯಾತು. ನೀವೂ ತಗಳ್ರಿ."

"ಖಾಲಿ ಹೊಟ್ಟೆಯಲ್ಲಿ ಬರಬೇಕು ಅಂತ ಹೇಳಿರಲಿಲ್ಲವಾ?"

"ಖಾಲಿ ಹೊಟ್ಟೇಲೇ ಬಂದಿದ್ರು ಕಣವ್ವ," ಎಂದರು ದೊಡ್ಡಮ್ಮ, ಕಣ್ಣಲ್ಲಿ ನೀರು ತುಂಬಿಕೊಂಡು. "ಅಷ್ಟು ಜನ, ಒಬ್ರೂ ಏನೂ ತಿಂದಿರ್ಲಿಲ್ಲ. ನಮ್ಮನೆ ಜಗಲಿ ಮ್ಯಾಲೆ ಹಸ್ಕಂಡು ಕುಂತ್ರೆ ನೋಡಾಕಾಗ್ತದಾ? ಅದ್ಕೇ ಒಲೆ ಹಚ್ಚಿದೆ."

ಪರೀಕ್ಷೆ ಮುಂದಿನ ವಾರಕ್ಕೆ ಹೋಯಿತು. ಅಷ್ಟರಲ್ಲಿ ನಾನು ಮೂರು ತಟ್ಟೆ ಮುಗಿಸಿ ಒಂದು ಬಿಂದಿಗೆಯ ನೀರಿಗೆ ಕೈ ಹಾಕಿದ್ದೆ. ತಲೆ ಎತ್ತಿದರೆ ಡಾಕ್ಟರಮ್ಮ ನನ್ನನ್ನೇ ನೋಡುತ್ತಿದ್ದಾರೆ.

"ನೀವೂ ಒಂದ್ಸಲ ಟೆಸ್ಟ್ ಮಾಡಿಸ್ಕೊಳ್ಳಿ."

"ಖಂಡಿತ ಮೇಡಂ. ಆದ್ರೆ ಇವತ್ತು ತಿಂದ್ಬಿಟ್ಟೆ," ಎಂದೆ, ನಾಲ್ಕನೆಯ ತಟ್ಟೆಗೆ ಕೈ ಚಾಚುತ್ತ.

ಕುರಿ ಪರೀಕ್ಷೆ

ಹಿರಿಯೂರು ತಾಲ್ಲೂಕಿನಲ್ಲಿ ಕುರಿ ಸಾಕುವವರ ಒಂದು ಹಟ್ಟಿ. ಗುಡ್ಡದ ಮೇಲೆಲ್ಲ ಕರೆಂಟು ಮಾಡುವ ಗಾಳಿ ಫ್ಯಾನುಗಳು ತಿರುಗುತ್ತಿರುತ್ತವೆ, ಕೆಳಗೆ ಕುರಿ ಮೇಯುತ್ತಿರುತ್ತವೆ. ಅಲ್ಲಿ ಒಬ್ಬ ಅಜ್ಜ, ಹೆಗಲ ಮೇಲೆ ಕಂಬಳಿ. ಕಣ್ಣಿನಲ್ಲಿ ಪೊರೆ ಬಂದಿರಬಹುದೆಂದು ಸೊಸೆ ಕರೆತಂದಿದ್ದಳು. ಅಜ್ಜನಿಗೆ ಸುತರಾಂ ಇಷ್ಟವಿಲ್ಲ.

ಕಣ್ಣಿನ ಡಾಕ್ಟರು ಗೋಡೆಗೆ ತೂಗುಹಾಕಿದ ಅಕ್ಷರದ ಹಾಳೆ ತೋರಿಸಿ, "ಅಜ್ಜ, ಏನು ಕಾಣುತ್ತೆ ಹೇಳಿ," ಎಂದರು.

ಅಜ್ಜ ಹಾಳೆಯ ಕಡೆ ಮುಖ ಮಾಡಿ ಬಾಳ ಹೊತ್ತು ಯೋಚಿಸಿ, "ಇವ್ಯಾವೂ ನನ್ನವಲ್ಲ," ಎಂದ.

ಓದು ಬರದವರಿಗೆ ಬೇರೆ ಹಾಳೆ ಇರುತ್ತದೆ. ಅಜ್ಜ ಅದಕ್ಕೂ ಒಪ್ಪಲಿಲ್ಲ. "ಹಾಳೆಗೀಳೆ ಬ್ಯಾಡ. ನನ್ನ ಕುರಿ ತರ್ಸಿ. ಅಷ್ಟು ದೂರದಾಗೆ ನಿಲ್ಸಿ. ಯಾವ್ದು ಯಾವ್ದು ಅಂತ ಹೇಳ್ಲಿಲ್ಲ ಅಂದ್ರೆ ನೀವು ಹೇಳ್ದಂಗೆ ಕೇಳ್ತೀನಿ."

ಡಾಕ್ಟರಿಗೆ ಈ ಯೋಚನೆ ಹಿಡಿಸಿತು. ಸೊಸೆ ಕುರಿಗಳನ್ನು ತಂದು ಇಪ್ಪತ್ತು ಹೆಜ್ಜೆ ದೂರದಲ್ಲಿ ನಿಲ್ಲಿಸಿ, ಒಂದೊಂದನ್ನೇ ಮುಂದೆ ಬಿಟ್ಟಳು. ಅಜ್ಜ ಬೀಡಿ ಕಚ್ಚಿಕೊಂಡು ಹೇಳುತ್ತ ಹೋದ: "ಇದು ಕುಂಟಿ. ಇದು ಕರೇ ಕಿವಿದು. ಇದು ಹೋದ ಸಲ ಎರಡು ಮರಿ ಹಾಕಿದ್ದು. ಇದು ಕಳ್ಳಿ, ಪಕ್ಕದೋರ ಹೊಲಕ್ಕೇ ಬಾಯಿ ಹಾಕೋದು." ಒಂದೂ ತಪ್ಪಲಿಲ್ಲ. ಡಾಕ್ಟರು ಬೆರಗಾಗಿ, ದೃಷ್ಟಿ ಬಾಳ ಚೆನ್ನಾಗಿದೆ ಎಂದು ಬರೆದುಕೊಂಡರು.

ಅಜ್ಜ ಎದ್ದ. ಗೆದ್ದ ಗತ್ತಿನಲ್ಲಿ ಡಾಕ್ಟರಿಗೆ ಕೈ ಮುಗಿದು, "ಬರ್ತೀನಿ ಡಾಕ್ಟ್ರೇ, ಹುಷಾರಾಗಿರ್ರಿ, ಬಾಳ ಸಣ್ಣಗಾಗೀರಿ," ಎಂದ. ಕೈ ಮುಗಿದದ್ದು ಗ್ಲೂಕೋಸ್ ಬಾಟಲಿ ತೂಗುಹಾಕುವ ಕಬ್ಬಿಣದ ಕಂಬಕ್ಕೆ.

ಡಾಕ್ಟರು ಬರೆದದ್ದನ್ನು ಹೊಡೆದುಹಾಕಿ, ಅಜ್ಜನನ್ನು ಹಿಡಿದು ಕೂರಿಸಿದರು. "ಅಜ್ಜ, ನಿಜ ಹೇಳಿ. ಕುರಿ ಹೆಂಗೆ ಗುರುತು ಹಿಡಿದ್ರಿ?"

"ನೋಡಿ ಯಾಕೆ ಗುರುತು ಹಿಡೀಬೇಕು? ಒಂದೊಂದು ಒಂದೊಂದ್ ಥರ ಕೆಮ್ತದೆ," ಎಂದ ಅಜ್ಜ. ಆಮೇಲೆ ತಪ್ಪು ಸರಿಪಡಿಸಿಕೊಳ್ಳುವ ದನಿಯಲ್ಲಿ ಹೇಳಿದ: "ನೀವೂ ಒಂದ್ಸಲ ಕೆಮ್ರಿ ಡಾಕ್ಟ್ರೇ. ಇನ್ಮ್ಯಾಲೆ ಮರೆಯಾಕಿಲ್ಲ."

ನಲವತ್ಮೂರು

ಆಪರೇಷನ್ನಿಗೆ ಅಜ್ಜ ಒಪ್ಪಲು ಎರಡು ತಕರಾರು. ದುರ್ಗಕ್ಕೆ ಹೋದರೆ ಕುರಿ ಕಾಯುವವರು ಯಾರು ಎಂಬುದು ಒಂದು. ಸೊಸೆ ಜೊತೆಗೆ ಬರಬೇಕು, ಮಗ ಊರಲ್ಲಿಲ್ಲ.

"ನಾನು ಕಾಯ್ತೀನಿ," ಎಂದೆ. ಆರು ಗಾಲಿ ಲಾರಿ ಓಡಿಸಿದವನಿಗೆ ನಾಲ್ಕು ಕಾಲಿನ ಕುರಿ ಯಾವ ಲೆಕ್ಕ.

ಎರಡನೆಯ ತಕರಾರನ್ನು ನನ್ನ ಕಿವಿಯ ಹತ್ತಿರ ಬಂದು ಹೇಳಿದ. "ಸೂಜಿ ಚುಚ್ತಾರಂತಲ್ಲ. ನೋಯ್ತದಾ?"

"ಥೂ, ಇರುವೆ ಕಚ್ಚಿದಂಗೆ."

"ನೀನು ಚುಚ್ಚಿಸ್ಕಂಡಿದ್ಯಾ?"

"ನೂರು ಸಲ," ಎಂದೆ. ಇದು ನಾನು ಅಜ್ಜನಿಗೆ ಹೇಳಿದ ಸುಳ್ಳು, ನಿಮಗೆ ಹೇಳಿದ್ದಲ್ಲ. ನನ್ನ ಆಣೆ ಭದ್ರವಾಗಿದೆ.

ಅಜ್ಜ ಆಸ್ಪತ್ರೆಯ ಬೇರೆ ಗಾಡಿಯಲ್ಲಿ ದುರ್ಗಕ್ಕೆ ಹೋದ. ನಾನು ಎರಡು ದಿನ ಕುರಿ ಕಾದೆ. ಅವು ಮೊದಮೊದಲು ನನ್ನ ಮಾತು ಕೇಳಲಿಲ್ಲ. ನಾನು ಗಾಡಿಯ ಮೈಕು ತೆಗೆದೆ. "ಬಂಧುಗಳೇ, ಎಲ್ರೂ ಸಾಲಾಗಿ ಬರ್ರಿ, ನೂಕಬ್ಯಾಡ್ರಿ, ಹಿರಿಯರಿಗೆ ಮೊದಲು ದಾರಿ ಬಿಡ್ರಿ," ಎಂದು ಕೂಗಿದೆ. ನಾಲ್ಕು ತಾಲ್ಲೂಕಿನಲ್ಲಿ ಮನುಷ್ಯರು ಯಾರೂ ಅಷ್ಟು ಸಾಲಾಗಿ ಬಂದಿಲ್ಲ. ನಡುವೆ ಬಾಯಾರಿದಾಗ ಕುರಿಗಳ ಜೊತೆ ಹೊಂಡಕ್ಕೆ ಹೋಗುತ್ತಿದ್ದೆ. ನನಗಿಂತ ಮೊದಲು ಕುರಿಗಳಿಗೇ ಸಾಕಾಗುತ್ತಿತ್ತು.

ಮೂರನೆಯ ದಿನ ಅಜ್ಜ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ವಾಪಸಾದ. ಬಂದವನೇ ಮಂದೆಯ ನಡುವೆ ನಿಂತು ಕೆಮ್ಮು ಕೇಳಿಸಿಕೊಂಡ. ಹುಬ್ಬು ಗಂಟಿಕ್ಕಿತು.

"ಏನಪ್ಪ, ನಾನು ಎಷ್ಟು ಬಿಟ್ಟು ಹೋಗಿದ್ದೆ?"

"ನಲವತ್ಮೂರು."

"ಈಗ ನಲವತ್ನಾಲ್ಕು ಕೆಮ್ತಾ ಅವೆ."

ಎಣಿಸಿದೆವು. ಹೌದು. ಯಾರದೋ ಒಂದು ಟಗರು ನನ್ನ ಭಾಷಣ ಮೆಚ್ಚಿ ಬಂದು ಸೇರಿಕೊಂಡಿತ್ತು. ಅದರ ಮಾಲೀಕ ಆಗಲೇ ದೊಣ್ಣೆ ಹಿಡಿದು ಹಟ್ಟಿಯ ಬಾಗಿಲಲ್ಲಿ ನಿಂತಿದ್ದ. ಅಜ್ಜ ತಲೆ ಅಲ್ಲಾಡಿಸಿದ. "ಕುರಿ ಕಳ್ಕಂಡು ಬಂದೋರ್ನ ಬಾಳ ಜನ್ರನ್ನ ನೋಡೀನಿ. ಗಳಿಸ್ಕಂಡು ಬಂದು ನನ್ನ ಜೈಲಿಗೆ ಹಾಕ್ಸಾಕೆ ನೋಡಿದೋನು ನೀನೊಬ್ನೇ ಕಣಲೇ."

ಮೆಕ್ಯಾನಿಕ್ಕು

ಹೊಸ ರೇಡಿಯೇಟರೂ ನೀರು ಕುಡಿಯುವುದನ್ನು ನಿಲ್ಲಿಸದೆ ಇದ್ದುದರಿಂದ ಗಾಡಿಯನ್ನು ಹೊಳಲ್ಕೆರೆಯ ಒಬ್ಬ ಮೆಕ್ಯಾನಿಕ್ಕಿಗೆ ಒಪ್ಪಿಸಿದರು. ಹಳೇ ಕಾಲದ ಮನುಷ್ಯ, ಎಂಜಿನ್ನಿಗೆ ಕಿವಿ ಕೊಟ್ಟು ನಾಡಿ ನೋಡುವವನು. ಎರಡು ದಿನ ಬಿಚ್ಚಿದ, ಜೋಡಿಸಿದ. ಮೂರನೆಯ ದಿನ, "ನಾನೇ ಓಡ್ಸಿ ನೋಡ್ತೀನಿ," ಎಂದು ಡಾಕ್ಟರುಗಳನ್ನು ಕೂರಿಸಿಕೊಂಡು ಹೊಳಲ್ಕೆರೆಯಿಂದ ಸಿರಿಗೆರೆಗೆ ಹೋಗಿ ಬಂದ. ನಾನು ಗ್ಯಾರೇಜಿನಲ್ಲೇ ಉಳಿದೆ. ಅಲ್ಲಿ ಒಂದು ನಲ್ಲಿ ಇತ್ತು.

ಗಾಡಿ ಎಲ್ಲೂ ನಿಲ್ಲದೆ ಹೋಗಿ ಬಂತು. ಮೆಕ್ಯಾನಿಕ್ಕು ಇಳಿದು, ಕೈ ಒರೆಸಿಕೊಂಡು, ವರದಿ ಒಪ್ಪಿಸಿದ.

"ಮೇಡಂ, ಗಾಡಿ ಗುಂಡುಕಲ್ಲಿನಂಗೆ ಐತೆ. ಒಂದು ಹನಿ ನೀರು ಕಮ್ಮಿಯಾಗಿಲ್ಲ. ಗಾಡಿ ಕುಡೀತಿಲ್ಲ ಅಂದ್ಮ್ಯಾಲೆ ಕುಡಿಯೋರು ಬ್ಯಾರೆ ಯಾರೋ ಅವ್ರೆ."

ಎಲ್ಲರೂ ತಿರುಗಿ ನೋಡಿದರು. ನಾನು ನಲ್ಲಿಯ ಕೆಳಗೆ ಬೊಗಸೆ ಹಿಡಿದು ನಿಂತಿದ್ದೆ.

"ಕೈ ತೊಳ್ಕಂತಿದ್ದೆ ಮೇಡಂ," ಎಂದೆ. ಬಾಯಿಂದ ನೀರು ಸೋರುತ್ತಿತ್ತು.

"ರಾಮಗಿರಿ ಕ್ಯಾಂಪಿನಲ್ಲಿ ಮೊದಲ ಟೆಸ್ಟು ನಿಮ್ಮದೇ," ಎಂದರು ಡಾಕ್ಟರಮ್ಮ.

ರಾಮಗಿರಿ

ಆ ದಿನ ನಾನು ಎಷ್ಟು ಕೆಲಸ ಮಾಡಿದೆ ಎಂದರೆ ನೋಡಿದವರಿಗೆ ಅನುಮಾನ ಬರಬೇಕು. ಶಾಮಿಯಾನ ಕಟ್ಟಿದೆ, ಬೆಂಚು ಹೊತ್ತೆ, ಹೊತ್ತ ಬೆಂಚನ್ನೇ ವಾಪಸ್ ಹೊತ್ತೆ. ಸಿಸ್ಟರ್ ನನ್ನ ಕಡೆ ನೋಡಿದಾಗಲೆಲ್ಲ ಮೈಕು ಹಿಡಿದು ಕೂಗುತ್ತಿದ್ದೆ. ಜನ ಮಾತ್ರ ಹತ್ತಿರ ಬರುತ್ತಿಲ್ಲ. ನಮ್ಮ ಕಡೆ ಮೊದಲಿಗರಾಗಲು ಯಾರಿಗೂ ಇಷ್ಟವಿಲ್ಲ. ಮೊದಲು ಚುಚ್ಚಿಸಿಕೊಂಡವನಿಗೆ ಏನಾಗುತ್ತದೆ ಎಂದು ನೋಡಿ ಆಮೇಲೆ ಬರುವುದು ರೂಢಿ. ಎಲ್ಲರೂ ಬೇವಿನ ಮರದ ಕೆಳಗೆ ಕೂತು ಆ ಒಬ್ಬನಿಗಾಗಿ ಕಾಯುತ್ತಿದ್ದರು.

ಅಷ್ಟರಲ್ಲಿ ಮರದ ಕೆಳಗಿನಿಂದ ಒಂದು ದನಿ: "ಓ, ಇವ್ನೇನಾ ಅವ್ನು?"

ಹಿರಿಯೂರಿನ ಕುರಿ ಅಜ್ಜ. ಹೊಲಕ್ಕೆ ಗೊಬ್ಬರವಾಗಲೆಂದು ರಾಮಗಿರಿಯ ರೈತರೊಬ್ಬರು ಅವನ ಮಂದೆಯನ್ನು ತಮ್ಮ ಹೊಲದಲ್ಲಿ ನಿಲ್ಲಿಸಿಕೊಂಡಿದ್ದರು. ಕಣ್ಣಿನ ಪಟ್ಟಿ ಬಿಚ್ಚಿ ಒಂದು ತಿಂಗಳಾಗಿತ್ತು. ಹೊಸ ಕಣ್ಣು ಬಂದ ಅಜ್ಜ ಆಗಿನಿಂದ ಮರದ ಕೆಳಗೆ ಕೂತು, ಕಂಡದ್ದನ್ನೆಲ್ಲ ಪುಕ್ಕಟೆ ಸಿನಿಮಾದಂತೆ ನೋಡುತ್ತಿದ್ದನಂತೆ.

ಹತ್ತಿರ ಬಂದು ನನ್ನನ್ನು ಮೇಲಿಂದ ಕೆಳಗೆ ನೋಡಿದ. "ದನಿ ಕೇಳಿ ಆರಡಿ ಆಳು ಅಂದ್ಕಂಡಿದ್ದೆ. ಬರೀ ಗಂಟ್ಲೇನಾ?"

ಜನ ನಕ್ಕರು. ಅಜ್ಜ ನಗಲಿಲ್ಲ. ಡಾಕ್ಟರಮ್ಮನ ಕಡೆ ತಿರುಗಿದ.

"ಅವ್ವ, ನಾನು ಕುಂತು ಒಂದು ಗಂಟೆ ಆತು. ಈಯಪ್ಪ ಐದು ಸಲ ನೀರು ಕುಡ್ದ, ನಾಕು ಸಲ ಬೇಲಿ ಕಡೆ ಹೋದ. ಸೊಂಟದ ಮ್ಯಾಲೆ ಮಾಂಸ ಇಲ್ಲ. ನನ್ನ ಮಂದೇಲಿ ಇಂಥ ಟಗರು ಇದ್ದಿದ್ರೆ ಬ್ಯಾರೆ ಕಟ್ಟಿ ದನದ ಡಾಕ್ಟ್ರಿಗೆ ತೋರಿಸ್ತಿದ್ದೆ. ನೀವು ಇವ್ನ ಕೈಗೆ ಗಾಡಿ ಕೊಟ್ಟೀರಲ್ಲ."

ಎರಡು ಆಸ್ಪತ್ರೆ, ಒಂದು ಹೊಸ ರೇಡಿಯೇಟರು, ಒಬ್ಬ ಮೆಕ್ಯಾನಿಕ್ಕು ಸೇರಿ ಬಿಡಿಸಿದ ಒಗಟನ್ನು ಅಜ್ಜ ಬೀಡಿ ಸೇದುತ್ತ ಒಂದು ಗಂಟೆಯಲ್ಲಿ ಬಿಡಿಸಿದ್ದ.

"ಮೇಡಂ," ಎಂದೆ. ಮೈಕು ಕೆಳಗಿಟ್ಟೆ. "ಸಕ್ಕರೆ ಐತೆ ಅಂದ್ರೆ ನನ್ನ ಗಾಡಿ ಕಿತ್ಕಂತೀರಾ?"

ಉತ್ತರ ಕೊಟ್ಟವರು ಕಣ್ಣಿನ ಡಾಕ್ಟರು. ಅವರು ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಹಿಂದೆಂದೂ ಕೇಳಿರಲಿಲ್ಲ. "ಮಾತ್ರೆ ತಗೊಂಡು ಹತೋಟಿಯಲ್ಲಿ ಇಟ್ಕೊಂಡ್ರೆ ಯಾರೂ ಕಿತ್ಕೊಳ್ಳಲ್ಲ. ಮುಚ್ಚಿಟ್ಕೊಂಡು ಒಂದು ದಿನ ತಿರುವಿನಲ್ಲಿ ಕಣ್ಣು ಮಂಜಾದ್ರೆ? ನಿಮ್ಮ ಬೆನ್ನ ಹಿಂದೆ ದಿನಾ ನಾವು ಕೂತಿರ್ತೀವಿ."

ಅದು ನನಗೆ ಹೊಳೆದೇ ಇರಲಿಲ್ಲ. ಕುರ್ಚಿಯ ಮೇಲೆ ಕೂತೆ.

ಸಿಸ್ಟರ್ ನನ್ನ ಬೆರಳು ಹಿಡಿದರು. ಕೆಳಗಿಟ್ಟ ಮೈಕನ್ನು ಅಜ್ಜ ಎತ್ತಿಕೊಂಡ. ಅವನಿಗೆ ನನ್ನ ಮಾತೆಲ್ಲ ಬಾಯಿಪಾಠ, ಕಣ್ಣಿಲ್ಲದ ಕಾಲದಲ್ಲಿ ಕೇಳಿ ಕಲಿತದ್ದು.

"ಬಂಧುಗಳೇ," ಎಂದ ಅಜ್ಜ. ದನಿ ರಾಮಗಿರಿಯ ಗುಡ್ಡಕ್ಕೆ ಹೊಡೆದು ವಾಪಸ್ ಬಂತು. "ಹೆದರಬ್ಯಾಡ್ರಿ. ನೋಡ್ರಿ ಇಲ್ಲಿ, ಧೈರ್ಯವಂತ ಕುಂತವ್ನೆ. ನೂರು ಸಲ ಚುಚ್ಚಿಸ್ಕಂಡೋನು. ಇರುವೆ ಕಚ್ಚಿದಂಗೆ."

ಸೂಜಿ ಚುಚ್ಚಿತು. ಗುಡ್ಡ ಒಮ್ಮೆ ಎಡಕ್ಕೆ ಹೋಯಿತು, ಒಮ್ಮೆ ಬಲಕ್ಕೆ. ನಾನು ಕುರ್ಚಿ ಸಮೇತ ಹಿಂದಕ್ಕೆ ಬಿದ್ದೆ. ಕಣ್ಣು ಬಿಟ್ಟಾಗ ನನ್ನ ಮೇಲೆ ಎರಡು ಆಸ್ಪತ್ರೆಯವರೂ ಬಗ್ಗಿದ್ದರು, ನಡುವೆ ಒಂದು ಕುರಿಯೂ ಇತ್ತು. ಅಜ್ಜ ಮೈಕಿನಲ್ಲೇ ಕೇಳುತ್ತಿದ್ದ: "ಇದೆಂಥ ಇರುವೆಯಲೇ?"

ಜನ ಓಡಿಹೋಗಿರುತ್ತಾರೆ ಎಂದುಕೊಂಡೆ. ತಲೆ ಎತ್ತಿ ನೋಡಿದರೆ ಬೇವಿನ ಮರದಿಂದ ಟೇಬಲ್ಲಿನವರೆಗೆ ಸಾಲು. ಮೊದಲಿಗ ಬಿದ್ದಾಗಿದೆ, ಇನ್ನು ಯಾರು ಹೇಗೆ ಚುಚ್ಚಿಸಿಕೊಂಡರೂ ಇವನಿಗಿಂತ ವಾಸಿ ಎಂದು ಎಲ್ಲರಿಗೂ ಧೈರ್ಯ ಬಂದುಬಿಟ್ಟಿತ್ತು. ಒಬ್ಬಳು ಅಜ್ಜಿ ನನ್ನನ್ನು ದಾಟಿಕೊಂಡು ಹೋಗುತ್ತ, "ಸರ್ಕೊಳಪ್ಪ, ದಾರೀಲಿ ಮಲಗ್ಬ್ಯಾಡ," ಎಂದಳು. ಇಷ್ಟು ದಿನ ನಿಂತು ಕೂಗಿದರೂ ಅಷ್ಟು ಉದ್ದದ ಸಾಲು ಬಂದಿರಲಿಲ್ಲ. ಬಿದ್ದು ತಂದೆ.

ಸಕ್ಕರೆ ಇತ್ತು. ಹೊಸದುರ್ಗದ ದೊಡ್ಡಮ್ಮ ಇನ್ನೂ ನಾಲ್ಕು ತಟ್ಟೆ ಕೇಸರಿಬಾತು ಮಾಡುವಷ್ಟು ಇತ್ತು. ಎರಡು ವಾರ ನನ್ನನ್ನು ಹಿಂದಿನ ಸೀಟಿನಲ್ಲಿ ಕೂರಿಸಿದರು. ಮೆಕ್ಯಾನಿಕ್ಕು ಓಡಿಸಿದ, ನಾನು ಅವನಿಗೆ ಗೇರು ಯಾವಾಗ ಹಾಕಬೇಕೆಂದು ಹೇಳಿ ಹೇಳಿ ಅವನ ಬಿ.ಪಿ. ಏರಿಸಿದೆ. ಆಮೇಲೆ ಡಾಕ್ಟರಮ್ಮ ಒಂದು ಬೆಳಗ್ಗೆ ಮತ್ತೆ ಟೆಸ್ಟು ಮಾಡಿ, ಕೀಲಿಕೈ ನನ್ನ ಕೈಗಿಟ್ಟರು. ಈಗ ದಿನಾ ಮಾತ್ರೆ, ದಿನಾ ನಡಿಗೆ, ತಿಂಗಳಿಗೊಂದು ಸೂಜಿ, ಹಾಸಿಗೆಯ ಮೇಲೆ ಮಲಗಿಸಿಯೇ. ದುರ್ಗದಿಂದ ಹೊಸದುರ್ಗಕ್ಕೆ ಗಾಡಿ ಒಂದೇ ಉಸಿರಿನಲ್ಲಿ ಹೋಗುತ್ತದೆ. ಆಸ್ಪತ್ರೆಯ ದೊಡ್ಡವರು ಮಾತ್ರ, ಹೊಸ ರೇಡಿಯೇಟರು ಈಗ ಹೊಂದಿಕೊಂಡಿದೆ ಎಂದು ತಿಳಿದಿದ್ದಾರೆ. ಅವರ ಸಂತೋಷ ಯಾಕೆ ಕೆಡಿಸಲಿ.

ಸ್ಟೇರಿಂಗ್ ಮುಟ್ಟಿ ಆಣೆ ಮಾಡಿದ್ದರಿಂದ, ನಾಳೆ ಹೊಳಲ್ಕೆರೆ ತಿರುವು ಇರುವುದರಿಂದ, ಒಂದು ಸಣ್ಣ ವಿವರ ಒಪ್ಪಿಕೊಂಡುಬಿಡುತ್ತೇನೆ. ನಲವತ್ನಾಲ್ಕನೆಯ ಕುರಿ ಎಂದು ನೀವು ಊಹಿಸುತ್ತಿದ್ದೀರಿ. ಅದಲ್ಲ, ಆ ಟಗರು ನಿಜ, ಅದರ ಮಾಲೀಕನ ದೊಣ್ಣೆಯೂ ನಿಜ. ಸೂಜಿ ಚುಚ್ಚಿದ ಮೇಲೆ ಬಿದ್ದೆ ಎಂದು ಬರೆದೆನಲ್ಲ, ಅದಷ್ಟೇ ಸೇರಿಸಿದ್ದು. ಸೂಜಿ ಇನ್ನೂ ಪಾಕೀಟಿನಲ್ಲೇ ಇತ್ತು. ಸಿಸ್ಟರ್ ಅಷ್ಟು ಹೊತ್ತಿಗೆ ನನ್ನ ಬೆರಳಿಗೆ ಮುಟ್ಟಿಸಿದ್ದು ಬರೀ ಹತ್ತಿ.